ನಿಮ್ಮ ವಹಿಯಲ್ಲಿರುವ ಒಂದೇ ಕನ್ನಡ ಸಹಿ

ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಚೆನ್ನೈ ಅಡ್ಯಾರಿನ ನಮ್ಮ ಮನೆಯ ಮಹಡಿಯಲ್ಲಿರುವ ಸಂಶೋಧಕಿಗೆ ನಿಮ್ಮ ಕಚೇರಿ ನೋಟಿಸು ಕೊಟ್ಟಿದೆ. ಆಕೆ ಮಹಾಪ್ರಬಂಧ ಸಲ್ಲಿಸಿದ್ದಾಳೆ, ಆದ್ದರಿಂದ ಇನ್ನು ವಿದ್ಯಾರ್ಥಿನಿಯಲ್ಲ, ಜುಲೈ ಹದಿನಾಲ್ಕರೊಳಗೆ ದೇಶ ಬಿಡಬೇಕು ಎಂದು. ಆಕೆ ಸಲ್ಲಿಸಲಿಲ್ಲ. ಸಲ್ಲಿಸಿದವಳು ನಾನು. ತೆಗೆದುಕೊಂಡವರು ನೀವು. ಇದು ನಮ್ಮಿಬ್ಬರಿಗೂ ಗೊತ್ತು. ಗೊತ್ತಿಲ್ಲದ್ದು ನೋಟಿಸಿಗೆ ಮಾತ್ರ.

ಇಂಗ್ಲಿಷಿನಲ್ಲಿ ಎರಡು ಪತ್ರ ಬರೆದೆ, ತಮಿಳಿನಲ್ಲಿ ಒಂದು. ಮೂರಕ್ಕೂ ನಿಮ್ಮ ಕಚೇರಿಯ ದುಂಡನೆಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಇದು ಕನ್ನಡದಲ್ಲಿ, ಪತ್ರಿಕೆಯ ಮೂಲಕ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. ಬೇರೆ ಯಾರಿಗೋ ವರ್ಗಾಯಿಸಿದೆ ಎಂದು ಈ ಸಲ ಹೇಳಲಾಗದು.

ಆಕೆಯನ್ನು ಇಲ್ಲಿ ಮರಿಯಂ ಎಂದು ಕರೆಯುತ್ತೇನೆ. ನಿಜವಾದ ಹೆಸರು, ಊರು ನಿಮ್ಮ ಕಡತದಲ್ಲಿವೆ. ಅಲ್ಲಿವೆ ಎಂಬುದೇ ಈಗ ನಮ್ಮ ಭಯ. ಅಫ್ಘಾನಿಸ್ತಾನದಿಂದ ಬಂದು ಆರು ವರ್ಷಗಳಾದವು. ಆಕೆ ಇಲ್ಲಿ ಓದುತ್ತಿರುವಾಗಲೇ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಆಕೆಯ ಸಂಶೋಧನೆ ಪೆರುಂಗುಡಿ ಸುತ್ತಿನ ಬಾವಿಗಳ ಮೇಲೆ. ಗಾಜಿನ ಕಟ್ಟಡಗಳ ಹಿಂದೆ ಉಳಿದಿರುವ ಹಳೆಯ ಬಾವಿಗಳಿಗೆ ಸಮುದ್ರ ನೆಲದಡಿಯಿಂದ ಹೇಗೆ ಬರುತ್ತಿದೆ ಎಂದು ಅಳೆಯುವುದು. ನಮ್ಮ ಹಿತ್ತಲ ಬಾವಿಯ ನೀರನ್ನೂ ಸೀಸೆಯಲ್ಲಿ ತುಂಬಿ ಒಯ್ದಿದ್ದಳು. ನಮ್ಮದು ಸಿಹಿನೀರು ಎಂದು ನಾನು ಜಂಬ ಪಟ್ಟಾಗ ಆಕೆ ಹೇಳಿದ್ದು, "ಉಪ್ಪು ಬರುವಾಗ ಸದ್ದು ಮಾಡುವುದಿಲ್ಲ ಅಕ್ಕಾ. ನಾಲಿಗೆಗೆ ತಿಳಿಯುವ ಹೊತ್ತಿಗೆ ಒಳಗೆ ಬಂದಾಗಿರುತ್ತದೆ."

ಪ್ರಬಂಧ ಮುಗಿಯುತ್ತಲೇ ಇರಲಿಲ್ಲ. ಕೊನೆಯ ಅಧ್ಯಾಯವನ್ನು ಮೂರು ಸಲ ಬರೆದಳು, ಅಳೆದ ಬಾವಿಗಳನ್ನೇ ಮತ್ತೆ ಅಳೆದಳು. ವಿಮಾ ಕಚೇರಿಯಲ್ಲಿರುವ ನನ್ನ ಗಂಡ ಮಧುಸೂದನ್, "ಈ ಹುಡುಗೀದು ನಮ್ಮ ರಸ್ತೆಯ ಮೆಟ್ರೋ ಕೆಲಸದ ಥರ" ಎಂದು ನಗುತ್ತಿದ್ದರು. ನಾನೂ ಗದರಿದ್ದೇನೆ. ಕಾರಣ ಕೇಳಬೇಕೆಂದು ಮಾತ್ರ ತೋಚಲಿಲ್ಲ. ಸಂಜೆ ಇಬ್ಬರೂ ತಾರಸಿಯ ಮೇಲೆ ಕೂತು, ಆಕೆ ತನ್ನ ಭಾಷೆಯ ಕವಿತೆ, ನಾನು ನನ್ನದು ಓದಿಕೊಂಡು ಒಬ್ಬರಿಗೊಬ್ಬರು ಅರ್ಥ ಹೇಳುತ್ತಿದ್ದೆವು. ಕನ್ನಡ ಎಂ.ಎ. ಮಾಡಿದವಳು ನಾನು, ಸಾಲುಗಳ ನಡುವೆ ಓದಬಲ್ಲೆ ಎಂಬ ಹೆಮ್ಮೆ ಬೇರೆ. ಮೂರು ಸಲ ಬರೆದ ಅಧ್ಯಾಯವನ್ನು ಓದಲು ನನಗೆ ಬರಲಿಲ್ಲ.

ಏಪ್ರಿಲಿನಲ್ಲಿ ಆಕೆಗೆ ಸೀತಾಳೆ ಸಿಡುಬು ಎದ್ದಿತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಮಲಗಿಸಿದೆವು. ಹಾಸಿಗೆ ಬದಲಿಸುವಾಗ ಮಂಚದ ಕೆಳಗೆ ಪ್ರಬಂಧದ ಐದು ಪ್ರತಿಗಳು ಕಂಡವು. ರಟ್ಟು ಕಟ್ಟಿ, ಮಾರ್ಗದರ್ಶಕರ ಸಹಿಯೂ ಆಗಿ, ಎರಡು ತಿಂಗಳಿಂದ ಅಲ್ಲಿದ್ದವೆಂದು ಆಮೇಲೆ ತಿಳಿಯಿತು. ಪಾಪ, ಕಾಯಿಲೆಯಿಂದ ತಡವಾಯಿತು ಎಂದುಕೊಂಡೆ. ಆಕೆ ನಿದ್ದೆಯಲ್ಲಿದ್ದಾಗ ಚೀಲಕ್ಕೆ ತುಂಬಿಕೊಂಡು ಆಟೋ ಹತ್ತಿದೆ. ಅದು ತಮಿಳು ಹೊಸವರ್ಷದ ಮಾರನೆಯ ದಿನ, ಏಪ್ರಿಲ್ ಹದಿನೈದು.

ನಿಮಗೆ ನೆನಪಿದೆಯೇ? ಫೋಟೋದ ಹಿನ್ನೆಲೆ ಸಾಕಷ್ಟು ಬೆಳ್ಳಗಿಲ್ಲ ಎಂದು ಆಕೆಯನ್ನು ನಾಲ್ಕು ಸಲ ತಿರುಗಿಸಿ ಕಳಿಸಿದ ಕಚೇರಿ ನಿಮ್ಮದು. ಪಿನ್ನು ಎಡಕ್ಕೆ ಹೊಡೆಯದೆ ಬಲಕ್ಕೆ ಹೊಡೆದದ್ದಕ್ಕೆ ಒಂದು ವಾರ ಕಾಯಿಸಿದ ಕಚೇರಿ. ಅವತ್ತು ಗುಮಾಸ್ತರು ಸರಿಯಾಗಿಯೇ ಹೇಳಿದರು, ವಿದ್ಯಾರ್ಥಿಯೇ ಖುದ್ದಾಗಿ ಬರಬೇಕು. ಅಷ್ಟರಲ್ಲಿ ನೀವು ಮೊಬೈಲಿನಲ್ಲಿ ತಾಯಿಗೆ "ಮಾತ್ರೆ ನುಂಗಿದ್ಯಾಮ್ಮಾ?" ಎನ್ನುವುದು ಕೇಳಿಸಿತು. ಇಪ್ಪತ್ತೈದು ವರ್ಷ ಈ ಊರಿನಲ್ಲಿದ್ದವಳಿಗೆ ಕಚೇರಿಯೊಂದರಲ್ಲಿ ಕನ್ನಡ ಕೇಳಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಯಾವ ಊರು, ಯಾರ ಪೈಕಿ ಎಂದೆಲ್ಲ ಮಾತಾಯಿತು. ಕಾಫಿ ತರಿಸಿದಿರಿ. ಕೊನೆಗೆ, "ನಮ್ಮೋರು ಅಂತ ತಗೊಳ್ತಿದೀನಿ ಮೇಡಂ, ಇಲ್ಲಾಂದ್ರೆ ರೂಲ್ಸು ಒಪ್ಪಲ್ಲ" ಎಂದಿರಿ. ಸಲ್ಲಿಕೆಯ ವಹಿಯಲ್ಲಿ ನಾನು ಖುಷಿಗೆ ಕನ್ನಡದಲ್ಲೇ ಸಹಿ ಮಾಡಿದೆ. ಈ ವಹಿಗೆ ಇದೇ ಮೊದಲ ಕನ್ನಡ ಸಹಿ ಎಂದು ನೀವೂ ನಕ್ಕಿರಿ. ಆರು ವರ್ಷದಲ್ಲಿ ನಿಮ್ಮ ಕಚೇರಿ ಆಕೆಗೆ ಮಾಡಿದ ಒಂದೇ ಉಪಕಾರ ಅದು.

ರಸೀದಿಯ ಜೊತೆ ಮೈಸೂರುಪಾಕನ್ನೂ ತಂದು ಮಹಡಿ ಹತ್ತಿದೆ. ಆಕೆ ರಸೀದಿಯನ್ನು ಎರಡು ಸಲ ಓದಿದಳು. "ಪರವಾಯಿಲ್ಲೈ ಅಕ್ಕಾ" ಎಂದು ಸಿಹಿಯ ಅರ್ಧ ಮುರಿದು ಬಾಯಿಗಿಟ್ಟಳು. ಆಮೇಲೆ ಹೇಳಿದಳು, "ಇನ್ನು ತೊಂಬತ್ತು ದಿನ."

ಪ್ರಬಂಧ ಕೊಟ್ಟ ತೊಂಬತ್ತು ದಿನಕ್ಕೆ ವಿದ್ಯಾರ್ಥಿ ವೀಸಾ ಮುಗಿಯುತ್ತದೆ. ಕೊಡದಿದ್ದರೆ ಆಕೆಯ ನೋಂದಣಿ ಇನ್ನೂ ಎರಡು ವರ್ಷ ಇರುತ್ತಿತ್ತು. ಬೇರೆ ದೇಶಗಳ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಅವುಗಳ ಉತ್ತರಕ್ಕೆ ಕಾಯಲು ಆಕೆ ಕಟ್ಟಿಕೊಂಡ ಮನೆ ಆ ಮುಗಿಯದ ಅಧ್ಯಾಯ. ಅದರ ಬೀಗ ತೆಗೆದುಕೊಟ್ಟು ಬಂದವಳು ನಾನು.

ನೋಟಿಸು ಬಂದಾಗ ಓಡಿಬಂದೆ. ಆ ದಿನ ನೀವು ಇಂಗ್ಲಿಷಿನಲ್ಲೇ ಮಾತಾಡಿದಿರಿ. ಸಲ್ಲಿಸಿದ್ದು ಸಲ್ಲಿಸಿದಂತೆ, ಹಿಂಪಡೆಯಲು ಅವಕಾಶವಿಲ್ಲ. ಮೆಟ್ಟಿಲಿನವರೆಗೆ ಬಂದು ಮಾತ್ರ ತಗ್ಗಿದ ದನಿಯಲ್ಲಿ ಕನ್ನಡ ತೆಗೆದಿರಿ: "ಬಿಟ್ಬಿಡಿ ಮೇಡಂ. ನಿಮ್ಮನೆ ವಿಳಾಸ ಅವಳ ಫೈಲಲ್ಲಿದೆ." ಇದು ಕಾಳಜಿಯೋ ಬೆದರಿಕೆಯೋ ಎಂದು ಯೋಚಿಸುತ್ತ ಮನೆ ಸೇರಿದೆ. ನಾಲ್ಕು ದಿನಕ್ಕೆ ಮಫ್ತಿಯವರೊಬ್ಬರು ಬಂದು, ಹುಡುಗಿ ಇಲ್ಲೇ ಇದ್ದಾಳಾ ಎಂದು ತಮಿಳಿನಲ್ಲಿ ಸೌಮ್ಯವಾಗಿ ಕೇಳಿ, ಗೇಟಿನ ಸಂಖ್ಯೆ ಬರೆದುಕೊಂಡು ಹೋದರು. ಈಗ ಪ್ರತಿ ಸೋಮವಾರ ಬರುತ್ತಾರೆ. ನೀರು ಕೊಟ್ಟರೆ ಕುಡಿಯುವುದಿಲ್ಲ.

ಇನ್ನೊಂದಿದೆ. ಮರಿಯಂಳ ಅಕ್ಕ ಅಲ್ಲಿ ಶಿಕ್ಷಕಿಯಾಗಿದ್ದವರು. ಹೋದ ವಾರ ಅವರಿಂದ ಸಂದೇಶ ಬಂತು. ಯಾರೋ ಮೂವರು ಮನೆಗೆ ಬಂದು, ನಿಮ್ಮ ತಂಗಿ ಜುಲೈ ಹದಿನಾಲ್ಕಕ್ಕೆ ಬರುತ್ತಾಳಲ್ಲವೇ ಎಂದು ಕೇಳಿದರಂತೆ. ಮರಿಯಂ ಆ ದಿನಾಂಕವನ್ನು ಮನೆಗೆ ತಿಳಿಸಿರಲಿಲ್ಲ. ಆಗ ನೋಟಿಸನ್ನು ಮತ್ತೆ ತೆಗೆದು ನೋಡಿದೆವು. ಕೊನೆಯಲ್ಲಿ ಸಣ್ಣ ಅಕ್ಷರದ ಸಾಲು: ಪ್ರತಿ, ಸಂಬಂಧಪಟ್ಟ ರಾಯಭಾರ ಕಚೇರಿಗೆ. ಆ ಸಾಲನ್ನು ಬೆರಳಚ್ಚು ಮಾಡಿಸುವಾಗ ಅದು ಯಾವ ಬಾಗಿಲು ತಟ್ಟುತ್ತದೆಂದು ನೀವು ಯೋಚಿಸಿದ್ದಿರೇ? ಆ ಸಂದೇಶದ ನಂತರ ಅಕ್ಕ ಫೋನು ಎತ್ತುತ್ತಿಲ್ಲ.

ನಾನು ದಯೆ ಕೇಳುತ್ತಿಲ್ಲ. ನಿಮ್ಮ ದಯೆಯ ರುಚಿ ಒಮ್ಮೆ ನೋಡಿಯಾಗಿದೆ. ನಿಯಮ ಪಾಲಿಸಿ ಎನ್ನುತ್ತಿದ್ದೇನೆ. ವಿದ್ಯಾರ್ಥಿ ಖುದ್ದಾಗಿ ಕೊಡದ ಪ್ರಬಂಧ ಸಲ್ಲಿಕೆಯಲ್ಲ. ಆ ರಸೀದಿ ರದ್ದುಮಾಡಿ, ಐದು ಪ್ರತಿಗಳನ್ನೂ ವಾಪಸು ಕೊಡಿ, ಹಾಗೆಂದು ರಾಯಭಾರ ಕಚೇರಿಗೂ ಬರೆಯಿರಿ. ನಿಮ್ಮ ಮೇಲೆ ವಿಚಾರಣೆ ಬರಬಹುದು, ನನಗೆ ಗೊತ್ತು. ಆ ಹೆಂಗಸು ನನ್ನನ್ನು ಮರುಳು ಮಾಡಿದಳು ಎಂದು ಬರೆದುಕೊಡಿ, ನಾನು ಒಪ್ಪಿ ಸಹಿ ಹಾಕುತ್ತೇನೆ.

ಮರಿಯಂಳನ್ನು ಕೇಳಿಯೇ ಇದನ್ನು ಪ್ರಕಟಿಸುತ್ತಿದ್ದೇನೆ. ಸಾಕ್ಷಿ ಬೇಕಿದ್ದರೆ ಸಲ್ಲಿಕೆಯ ವಹಿ ತೆಗೆಯಿರಿ. ಏಪ್ರಿಲ್ ಹದಿನೈದು, ಕೆಳಗಿನಿಂದ ಮೂರನೆಯ ಸಾಲು. ನಿಮ್ಮ ಕಚೇರಿಯ ಉಳಿದವರಿಗೆ ಅದು ಯಾರದೋ ಗೀಚು. ನಿಮಗೆ ಓದಲು ಬರುತ್ತದೆ.

ಇಂತಿ,
ನಿಮ್ಮೋರು ಎಂದು ನೀವು ನಂಬಿದ,
ಜಲಜಾಕ್ಷಿ
ಅಡ್ಯಾರ್, ಚೆನ್ನೈ