ಸರದಿಯ ಕುದುರೆ

ಪಾಲಹಳ್ಳಿ,
ಭಾನುವಾರ ಮಧ್ಯಾಹ್ನ

ಆರತಿಗೆ,

ನಿನಗೆ ನಾನು ಪತ್ರ ಬರೆಯುತ್ತೇನೆಂದು ಹೋದ ವರ್ಷ ಯಾರಾದರೂ ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ನಿನ್ನ ಹೆಸರು ಕಿವಿಗೆ ಬಿದ್ದರೆ ಸಾಕು, ಬಾಯಲ್ಲಿದ್ದ ತುತ್ತು ಇಳಿಯುತ್ತಿರಲಿಲ್ಲ. ಈಗ ಎಲ್ಲ ಸರಿಹೋಗಿದೆ ಎಂದುಕೊಳ್ಳಬೇಡ. ನೀನು ನನಗಿಂತ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ.

ಮೊದಲು ಕುದುರೆಯ ವಿಷಯ. ನೇರಳೆ ಚೆನ್ನಾಗಿದ್ದಾಳೆ. ಹುರುಳಿ ತಿನ್ನುತ್ತಿದ್ದಾಳೆ, ನಿನ್ನೆ ಕಬ್ಬಿನ ಸೋಗೆಗೂ ಬಾಯಿ ಹಾಕಿದಳು. ಡಾಕ್ಟರು ಬಂದು ನೋಡಿ, ಇನ್ನು ಭಯವಿಲ್ಲ ಎಂದರು.

ಅವಳಿಗೆ ಹೊಟ್ಟೆನೋವು ಬಂದ ದಿನ ನಮ್ಮ ಅಜ್ಜಿ ಕೊಟ್ಟಿಗೆಯಲ್ಲಿ ನಿಂತು ನಿನಗೆ ಅರ್ಧ ಕಥೆ ಹೇಳಿದಳು. ಉಳಿದರ್ಧವನ್ನು ನಾನೇ ಹೇಳಬೇಕು.

ಸುದರ್ಶನನೂ ನಾನೂ ಕಾಲೇಜಿನಲ್ಲಿ ಜೊತೆಗಿದ್ದವರು. ಅವನಿಗೆ ಸರ್ಕಾರಿ ಕೆಲಸ ಸಿಕ್ಕಿತು, ನಾನು ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದೆ. ಪಾಂಡವಪುರದ ರಂಗಸ್ವಾಮಿ ಅನ್ನುವವರು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದ ಕುದುರೆಯನ್ನು ಮಾರುತ್ತಾರೆಂದು ಗೊತ್ತಾದಾಗ ಇಬ್ಬರೂ ಬೈಕಿನಲ್ಲಿ ಹೋಗಿ ನೋಡಿದೆವು. ಬೆನ್ನ ಮೇಲೆ ಜೀನು ಉಜ್ಜಿ ಗಾಯವಾಗಿತ್ತು. ಮೈಬಣ್ಣ ಮಾತ್ರ ಹಣ್ಣಾದ ನೇರಳೆಯದು, ಅದಕ್ಕೇ ಆ ಹೆಸರು. ಇಬ್ಬರ ಕೈಯಲ್ಲಿದ್ದದ್ದನ್ನೂ ಸೇರಿಸಿ ಕೊಟ್ಟು ಕರೆತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದೆವು. ಹೊಸ ಸಂಸಾರಕ್ಕೆ ತಂದ ಮೊದಲ ಸಾಮಾನು ಅನ್ನುವ ಹಾಗೆ ಅವತ್ತು ನನಗೆ ಅನ್ನಿಸಿತ್ತು.

ನಮ್ಮ ತಾತ ದ್ಯಾವಯ್ಯ ಒಂದು ಕಾಲದಲ್ಲಿ ಪಟ್ಟಣದ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದವರು. ಸವಾರಿಯನ್ನು ಅವರು ನನಗೆ ಕಲಿಸಿದರು, ನಾನು ಸುದರ್ಶನನಿಗೆ ಕಲಿಸಿದೆ. ನಾಲೆ ಏರಿಯ ಮೇಲೆ ಲಗಾಮು ಹಿಡಿದುಕೊಂಡು, 'ಅಂಗೆ ಬಿಗಿಬ್ಯಾಡ, ಕೈ ಸಡಿಲ ಬುಡು, ಅವ್ಳಿಗೆ ದಾರಿ ಗೊತ್ತು' ಎಂದು ಎಷ್ಟು ಸಂಜೆ ಕೂಗಿದ್ದೇನೋ.

ಅದೇ ಏರಿಯ ಮೇಲೆ ಒಂದು ಸಂಜೆ ಅವನು ಕುದುರೆಯಿಂದಿಳಿದು, ಲಗಾಮನ್ನು ನನ್ನ ಕೈಗೆ ಕೊಟ್ಟು, 'ಮನೇಲಿ ಒಪ್ಪೋದಿಲ್ಲ ಮಿತ್ರಾ. ಅಮ್ಮ ಊಟ ಬಿಟ್ಟು ಕೂತಿದಾರೆ' ಅಂದ. ನಮ್ಮ ಮನೆಯ ನೀರನ್ನು ಅವನ ಅಮ್ಮ ಅಲಮೇಲು ಎಂದೂ ಕುಡಿದವರಲ್ಲ, ಹೊಸದಾಗಿ ಕೇಳುವುದೇನಿತ್ತು? ಸ್ವಲ್ಪ ದಿನದಲ್ಲೇ ನಿನ್ನ ಸುದ್ದಿ ಬಂತು. ಅವರದೇ ಪೈಕಿ, ಸ್ಕೂಲಿನಲ್ಲಿ ಟೀಚರು, ಚೆನ್ನಾಗಿ ಹಾಡುತ್ತಾಳೆ. ಅದನ್ನೂ ನುಂಗಿಕೊಂಡೆ.

ನುಂಗಲಾಗದೆ ಹೋದದ್ದು ಅವನು ಕುದುರೆ ಕೇಳಲು ಬಂದ ದಿನ. 'ನಾನೂ ದುಡ್ಡು ಹಾಕಿದೀನಲ್ಲ. ಆರತಿಗೆ ಸವಾರಿ ಕಲಿಯೋ ಆಸೆ' ಅಂದ. ಅವನು ಬಿಟ್ಟುಹೋದಾಗ ಅಳದಿದ್ದವಳು ಅವತ್ತು ಹುಲ್ಲಿನ ಮೆದೆಯ ಹಿಂದೆ ಕೂತು ಅತ್ತೆ. ಅವನು ನಿನ್ನವನಾದ, ಆಗಲಿ. ಗಾಯಕ್ಕೆ ಅರಿಶಿನ ಹಚ್ಚಿ, ಮೈಯುಜ್ಜಿ ನಾನು ಸಾಕಿದ ಬೆನ್ನಿನ ಮೇಲೂ ನೀನೇ ಕೂರಬೇಕಾ?

ಕೊಡುವುದಿಲ್ಲ ಎಂದೆ. ಅವನು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಅಂದ. ಕೊನೆಗೆ ನಮ್ಮ ಜಗಲಿಯ ಮೇಲೆ ಹಿರಿಯರು ಕೂತರು. ಅವನ ದೊಡ್ಡಪ್ಪ ಸುಬ್ಬಣ್ಣನವರು, 'ಇಬ್ಬರದೂ ಅಂದಮೇಲೆ ಒಂದು ತಿಂಗಳು ಅಲ್ಲಿರಲಿ, ಒಂದು ತಿಂಗಳು ಇಲ್ಲಿರಲಿ' ಎಂದು ತೀರ್ಮಾನ ಕೊಟ್ಟರು. ತಾತನಿಗೆ ರೇಗಿತು. 'ಕುದ್ರೆ ಏನು ಗದ್ದೆ ನೀರಾ ಸ್ವಾಮಿ, ಸರದಿ ಮ್ಯಾಲೆ ಬುಡಾಕೆ?' ಅಂದರು. ಯಾರೂ ಕೇಳಲಿಲ್ಲ.

ಹೀಗೆ ನೇರಳೆ ಕರಿಘಟ್ಟದ ಕೆಳಗೆ ಅವನು ಹಾಕಿಸಿದ ಶೆಡ್ಡಿಗೆ ಹೋಗಿ ಬರತೊಡಗಿದಳು. ಮೊದಲ ಸಲ ವಾಪಸು ಬಂದಾಗ ಕತ್ತಿನ ಕೂದಲನ್ನು ಯಾರೋ ಸಣ್ಣ ಸಣ್ಣ ಜಡೆ ಹೆಣೆದು, ತುದಿಗೆ ಕನಕಾಂಬರ ಸಿಕ್ಕಿಸಿದ್ದರು. ಯಾರೋ ಏನು ಬಂತು, ನೀನೇ. ಒಂದೊಂದನ್ನೇ ಬಿಚ್ಚಿ ಹೂವನ್ನು ತಿಪ್ಪೆಗೆ ಎಸೆದೆ. ನೇರಳೆ ತಲೆ ಕೊಡವಿ ದೂರ ಸರಿದು ನಿಂತಳು.

ಎರಡನೇ ಸರದಿಯಲ್ಲಿ ತಡೆಯಲಾರದೆ ಬಸ್ಸು ಹತ್ತಿ ನೋಡಲು ಬಂದೆ. ನಿನಗೆ ಗೊತ್ತಿಲ್ಲ. ಹುಣಸೆ ಮರದ ಮರೆಯಲ್ಲಿದ್ದೆ. ನೀನು ಕುದುರೆಯ ಮೇಲೆ ಹೆದರಿಕೊಂಡು ಕೂತಿದ್ದೆ, ಅವನು ಲಗಾಮು ಹಿಡಿದಿದ್ದ. 'ಬಿಗಿಬ್ಯಾಡ, ಕೈ ಸಡಿಲ ಬುಡು' ಅಂದ. ನಮ್ಮೂರ ಮಾತಿನಲ್ಲಿ, ನನ್ನದೇ ರಾಗದಲ್ಲಿ! ನೀನು ಆ ಮಾತಿಗೆ ನಕ್ಕೆ. ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಮುಂದಿನ ಬಾಳಿನಲ್ಲಿ ನಾನು ಅಷ್ಟೇ ಉಳಿದಿದ್ದೆ, ನಿನ್ನನ್ನು ನಗಿಸುವ ಒಂದು ಮಾತಾಗಿ.

ಆಮೇಲೆ ಆದದ್ದು ನಿನಗೇ ಗೊತ್ತು. ಈ ಸಲ ಇಲ್ಲಿಗೆ ಬಂದ ನೇರಳೆ ಮೇವು ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಹೊಟ್ಟೆನೋವಿಗೆ ನೆಲಕ್ಕೆ ಬಿದ್ದು ಒದ್ದಾಡಿದಳು. ಡಾಕ್ಟರು ಸೂಜಿ ಹಾಕಿ, 'ಮಲಗೋಕೆ ಬಿಡಬೇಡಿ, ನಡೆಸ್ತಾನೇ ಇರಿ. ಹೀಗೆ ಊರೂರು ಎಳೆದಾಡಿದ್ರೆ ಇದು ಉಳಿಯಲ್ಲ' ಎಂದರು. ಸುದರ್ಶನನಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಅಂದ. ಬಂದವಳು ನೀನು, ಸ್ಕೂಲಿನ ಸೀರೆಯಲ್ಲೇ, ಸ್ಕೂಟರಿನಲ್ಲಿ.

ಬಂದವಳೇ ನನ್ನನ್ನು ನೋಡಿ, 'ಇಷ್ಟು ದಿನ ಸಾಕಿದ್ದೀರಿ. ಸುದರ್ಶನ್ ನಿಮಗೆ ತಿಂಗಳು ತಿಂಗಳು ಸರಿಯಾಗಿ ದುಡ್ಡು ಕೊಡ್ತಿದಾರೆ ತಾನೆ?' ಅಂತ ಕೇಳಿದೆ. ಅಜ್ಜಿ ಬೆಟ್ಟಮ್ಮ ನನ್ನನ್ನು ಸರಿಸಿ ಮುಂದೆ ಬಂದಳು.

'ಕೂಲಿಗೆ ಸಾಕವ್ಳೆ ಅಂದ್ನಾ ನಿನ್ ಗಂಡಾಗೋನು? ಅವ್ನು ನಮ್ ಉಡ್ಗೀನ ಮದ್ವೆ ಆಯ್ತೀನಿ ಅಂತ ಈ ಮನೇಲಿ ಉಂಡೋನು ಕಣವ್ವ. ಈ ಕುದ್ರೆ ಇಬ್ರೂ ಸೇರಿ ತಂದದ್ದು. ಓಗಿ ಕೇಳು.'

ನೀನು ಅಳುತ್ತೀಯೆಂದು ಕಾದೆ. ನಿಜ ಹೇಳುತ್ತೇನೆ, ಅಳಲಿ ಎಂದೇ ಕಾದೆ. ನೀನು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, 'ಹಗ್ಗ ಇಲ್ಲಿ ಕೊಡಿ. ನೀವು ಸ್ವಲ್ಪ ಕೂತ್ಕೊಳ್ಳಿ' ಅಂದೆ. ಇಳಿಬಿಸಿಲಿನವರೆಗೂ ಸರದಿ ಹಾಕಿಕೊಂಡು ಅಂಗಳದಲ್ಲಿ ಅವಳನ್ನು ನಡೆಸಿದೆವು. ನೋವು ಇಳಿದ ಮೇಲೆ ನೇರಳೆ ನಿಂತಳು. ನಿನ್ನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ನಾನು ಎರಡು ಮಾರು ದೂರದಲ್ಲಿ ಬಕೆಟ್ಟು ಹಿಡಿದುಕೊಂಡು ನಿಂತಿದ್ದೆ.

ವಾರ ಕಳೆದು ಸುದರ್ಶನನ ಫೋನ್ ಬಂತು. 'ಆರತಿ ಹೇಳಿದಳು. ಕುದುರೆ ನಿನ್ನ ಹತ್ತಿರಾನೇ ಇರಲಿ, ನಾನಿನ್ನು ಕೇಳೋದಿಲ್ಲ' ಅಂದ. ಕುಣಿದಾಡಬೇಕಿತ್ತು ನಾನು. ನಮ್ಮ ತಾತ ಹೇಳಿದರೆ ಕೇಳದವನು, ನಾನು ಕೊಡುವುದಿಲ್ಲ ಎಂದರೆ ಪೊಲೀಸರ ಹೆಸರು ಹೇಳಿದವನು, ನಿನ್ನ ಒಂದು ಮಾತಿಗೆ ಬಿಟ್ಟುಕೊಟ್ಟ! ನಿನ್ನ ಮಾತಿಗೆ ಆ ಮನೆಯಲ್ಲಿ ಅಷ್ಟು ತೂಕ. ಗೆದ್ದ ದಿನವೂ ನನಗೆ ಹೊಟ್ಟೆಯುರಿಯೇ. ನೀನು ಅವನನ್ನು ಕ್ಷಮಿಸಿದೆಯಂತೆ, ಮದುವೆ ಮುಂದಿನ ತಿಂಗಳಂತೆ. ಅದು ನಿನ್ನಿಷ್ಟ. ಸುಳ್ಳು ಹೇಳಿದ್ದಾನೆಂದು ಗೊತ್ತಿದ್ದೇ ಕೈಹಿಡಿಯುತ್ತಿದ್ದೀಯ, ಎಚ್ಚರದಿಂದಿರು.

ಇಷ್ಟೆಲ್ಲ ಬರೆದದ್ದು ಮೊನ್ನೆ ನಡೆದ ಒಂದು ಸಂಗತಿಯಿಂದ. ಲಗ್ನಪತ್ರಿಕೆ ಕೊಡಲು ಸುದರ್ಶನ ಬೈಕಿನಲ್ಲಿ ಬಂದಿದ್ದ. ನೇರಳೆ ತಲೆ ಎತ್ತಲಿಲ್ಲ. ಆಶ್ಚರ್ಯವೆಂದರೆ, ನನಗೂ ಎದೆ ಹಾರಲಿಲ್ಲ. ಅವನು ಹೋದ ಮೇಲೆ ದಾರಿಯಲ್ಲಿ ನಿನ್ನದರಂಥದೇ ಸ್ಕೂಟರಿನ ಸದ್ದಾಯಿತು. ಕೊಟ್ಟಿಗೆಯಲ್ಲಿದ್ದವಳು ಹಗ್ಗ ಜಗ್ಗಿ ಕೆನೆದಳು. ಸ್ಕೂಟರು ನಿಲ್ಲದೆ ಹೋಯಿತು. ತುಂಬ ಹೊತ್ತು ಆ ಕಡೆಯೇ ಕಿವಿ ನೆಟ್ಟುಕೊಂಡಿದ್ದಳು. ಆಗ ನನಗೆ ಗೊತ್ತಾಯಿತು, ನನ್ನ ಹೊಟ್ಟೆಕಿಚ್ಚು ಈಗ ಅವನಿಗಾಗಿ ಅಲ್ಲ ಎಂದು. ಅವಳು ನನಗಾಗಿ ಎಂದೂ ಹಾಗೆ ಕೆನೆದಿಲ್ಲ, ಆರತಿ. ನಾನು ಯಾವಾಗಲೂ ಇಲ್ಲೇ ಇರುತ್ತೇನಲ್ಲ.

ಬಂದು ಹೋಗು. ಒಬ್ಬಳೇ ಬಾ. ಅವಳ ಕತ್ತು ತಬ್ಬಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಲ್ಲು. ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ, ಉರಿಯಲಿ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಎಂದು ಬರೆಯಲು ಕೈ ಇನ್ನೂ ಒಪ್ಪುತ್ತಿಲ್ಲ. ನಿನಗೆ ಒಳ್ಳೆಯದಾಗಲಿ. ಅಷ್ಟನ್ನು ಮನಸಾರೆ ಬರೆದಿದ್ದೇನೆ.

ಇಂತಿ,
ನೇರಳೆಯ ಮನೆಯವಳು,
ಸಂಘಮಿತ್ರಾ