ಲೆನ್ಸಿಗಿಟ್ಟ ಗಂಧ

ಕೌಶಲ್,

ನೀನು ಬರ್ನ್ ಮಾಡಿದ ಐದು ಡಿಸ್ಕೂ ಯಾಕೆ ಓಡಲಿಲ್ಲ ಅಂತ ಗೊತ್ತಾಯಿತು. ಆಯುಧ ಪೂಜೆಯ ದಿನ ಅಜ್ಜಿ ಲ್ಯಾಪ್‌ಟಾಪಿನ ಡಿವಿಡಿ ರೈಟರಿನ ಟ್ರೇ ತೆರೆದು, ಅದರಲ್ಲಿರುವ ಲೆನ್ಸಿಗೇ ಗಂಧದ ಬೊಟ್ಟು ಇಟ್ಟಿದ್ದಾರೆ.

ಸ್ಪಿರಿಟ್ ಮುಟ್ಟಿಸಿದ ಹತ್ತಿಯಲ್ಲಿ ಮೆಲ್ಲ ಒರೆಸಿದ್ದೇನೆ. ಇನ್ನು ಒಂದೇ ಖಾಲಿ ಡಿಸ್ಕ್ ಉಂಟು. ಕಡಿಮೆ ಸ್ಪೀಡಿನಲ್ಲಿ ಬರ್ನ್ ಮಾಡು, ನಡುವೆ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡಲು ಕೂರಬೇಡ. ಬರ್ನ್ ಮುಗಿದು ಕೊನೆಗೆ ಫೈನಲೈಸ್ ಆಗದೆ ತೆಗೆದರೆ ಹಳೇ ಪ್ಲೇಯರ್ ಓದುವುದಿಲ್ಲ, ಎಷ್ಟು ಸಲ ಹೇಳುವುದು? ಆದ ಮೇಲೆ ನಮ್ಮ ಟಿವಿಯಲ್ಲಿ ಕೊನೆಯವರೆಗೆ ಹಾಕಿ ನೋಡು.

ಸಂಜೆ ಅಜ್ಜಿ ಅದನ್ನು ಪಡೀಲಿಗೆ ಕೊಂಡುಹೋಗ್ತಾರೆ. ಅಲ್ಲಿ ಹಾಸಿಗೆ ಹಿಡಿದಿರುವ ಅವರ ತಂಗಿ ನಮ್ಮ ಅಣ್ಣನ ಮದುವೆಯ ವಿಡಿಯೋ ನೋಡಲು ಕಾಯ್ತಾ ಇದ್ದಾರೆ.

ನಿನ್ನೆ ನಿನಗೆ ಸುಮ್ಮನೆ ಬೈದೆ, ತಪ್ಪು ನಿನ್ನದಲ್ಲ. ಆದರೆ ಅಜ್ಜಿ ಕೇಳಿದರೆ ನಿನ್ನದೇ ಅಂತ ಹೇಳು ಮಾರಾಯ.

ಅಕ್ಕ