ಕೈತಪ್ಪು

ಮಾರ್ಚ್ ೧೨, ಗುರುವಾರ

ಮುದ್ದು ಪುಟ್ಟೀ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಚಿಕ್ಕಮ್ಮನ ಮೇಲೆ ಮುನಿಸಿಕೊಳ್ಳಬೇಡ. ‘ಅಮ್ಮನ ಕಾಯಿಲೆ ಏರ್ತಿರೋದು ರಕ್ತದಲ್ಲಿ ಮೊದಲೇ ಗೊತ್ತಾಗಿತ್ತಾ?’ ಎಂದು ಕೇಳಿದ್ದೆ. ಗೊತ್ತಾಗಿತ್ತು. ಮುಚ್ಚಿಟ್ಟವನಿಗೆ ಮಣ್ಣು ಮುಕ್ಕಿಸಿದ ಮೇಲೆಯೇ ಬರೆಯೋಣವೆಂದು ಕಾದೆ.

ಸ್ತನ ಕ್ಯಾನ್ಸರ್ ಮುಂದುವರಿದವರ ರಕ್ತ ನಮ್ಮ ಲ್ಯಾಬಿಗೆ ತಿಂಗಳಿಗೊಮ್ಮೆ ಬರುತ್ತಿತ್ತು. ಮೈಯ ಕಾವಲು ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನುಗಳನ್ನು ಅಳೆಯುವುದು ನನ್ನ ಕೆಲಸ. ಅವು ಏರಿದರೆ ರೋಗ ಔಷಧಿಗೆ ಬಗ್ಗುತ್ತಿಲ್ಲ ಎಂಬ ಅನುಮಾನ. ಕೊಳವೆಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ನಲವತ್ತೊಂದು ನಿನ್ನಮ್ಮ. ರಕ್ತ ತೆಗೆದವಳು ನಾನೇ.

ಔಷಧಿ ಫಲಿಸುತ್ತಿದೆ ಎಂದು ತೋರಿಸುವ ನಕ್ಷೆಯ ಗೆರೆ ನೆಟ್ಟಗಿರಲೇಬೇಕು ಎನ್ನುವ ನಮ್ಮ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಗೆರೆರಾಯ. ಔಷಧಿ ಶುರುವಾದ ಮೊದಲ ತಿಂಗಳೇ ನಲವತ್ತೊಂದರ ಅಂಕಿ ದುಪ್ಪಟ್ಟಾಯಿತು. ಮತ್ತೆ ಅಳೆದೆ, ಅಷ್ಟೇ ಬಂತು. ಅವಳ ಡಾಕ್ಟರಿಗೆ ತಿಳಿಸೋಣ ಎಂದೆ.

‘ನಿನ್ನ ಕೈ ನಡುಗಿರತ್ತೆ ಕಣಮ್ಮ. ಇವಳೊಬ್ಬಳಿಂದ ನನ್ನ ಗೆರೆ ಸೊಟ್ಟಗಾಗತ್ತೆ’ ಎಂದವನೇ ನನ್ನ ಪೆನ್ನು ಕಿತ್ತುಕೊಂಡು ಷರಾ ಕಾಲಂನಲ್ಲಿ ‘ಕೈತಪ್ಪು’ ಎಂದು ಬರೆದ. ಹಾಗೆ ಬರೆದರೆ ಆ ಅಂಕಿ ಯಾವ ಡಾಕ್ಟರಿಗೂ ಹೋಗುವುದಿಲ್ಲ. ಎರಡನೇ ತಿಂಗಳು ಇನ್ನೂ ಏರಿತು. ಅದೇ ಪೆನ್ನು, ಅದೇ ಮಾತು. ನಾಲ್ಕನೇ ತಿಂಗಳು ಸ್ಕ್ಯಾನ್‌ನಲ್ಲಿ ಲಿವರ್ ತುಂಬ ಗಂಟು ಕಂಡವು. ಮುಂದಿನದು ನಿನಗೆ ಗೊತ್ತು.

ಹೋದ ತಿಂಗಳು ಗೆರೆರಾಯ ತುಂಬಿದ ಸಭೆಯಲ್ಲಿ ಗೆರೆ ತೋರಿಸಿ ಬೀಗುತ್ತಿದ್ದ. ಹಿಂದಿನ ಸಾಲಿನಿಂದ ಎದ್ದೆ.

‘ನಲವತ್ತೊಂದು ಎಲ್ಲಿ ಸಾರ್?’

‘ಅದು ಕೈತಪ್ಪು.’

‘ಯಾರ ಕೈ ಸಾರ್?’ ಎಂದು ಅವನ ಅಕ್ಷರವಿರುವ ಎರಡು ಪುಟಗಳನ್ನು ವೇದಿಕೆಯ ಮೇಲಿಟ್ಟೆ. ಅವನ ಮುಖ ಇಂಗು ತಿಂದ ಮಂಗನಂತಾಯಿತು.

ವಿಚಾರಣೆಯಾಗಿ ನಿನ್ನೆ ಅವನ ಕೆಲಸ ಹೋಯಿತು. ಪ್ರಶಸ್ತಿ ಫಲಕಗಳ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ತಿಣುಕುತ್ತಿದ್ದ. ‘ಸ್ವಲ್ಪ ಹಿಡ್ಕೋತೀಯಾ?’ ಎಂದ. ‘ಬೇಡ ಸಾರ್, ನನ್ನ ಕೈ ನಡುಗತ್ತೆ’ ಎಂದೆ. ಹೊಟ್ಟೆ ತಣ್ಣಗಾಯಿತು ಕಣೇ!

ಹೊತ್ತಿಗೆ ಸರಿಯಾಗಿ ಉಣ್ಣು, ಓದು ಬಿಡಬೇಡ. ನಿನ್ನಮ್ಮನ ಆಯಸ್ಸೂ ಸೇರಿ ನಿನಗೆ ಸಿಗಲಿ.

ನಿನ್ನ
ಚಿಕ್ಕಮ್ಮ

ತಾ.ಕ.: ಮೂರನೇ ತಿಂಗಳ ಪುಟವನ್ನು ನಾನು ಯಾರಿಗೂ ತೋರಿಸಲಿಲ್ಲ. ಇದರೊಳಗೆ ಇಟ್ಟಿದ್ದೇನೆ. ಆ ದಿನ ಗೆರೆರಾಯ ರಜೆಯಲ್ಲಿದ್ದ. ಅಂಕಿ ಐದು ಪಟ್ಟಾಗಿತ್ತು. ಡಾಕ್ಟರಿಗೆ ಫೋನ್ ಮಾಡದಂತೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಮತ್ತೆ ಬೈಸಿಕೊಳ್ಳಬೇಕಲ್ಲ ಎಂದು ಹೆದರಿದೆ. ಸಂಜೆ ನಿನ್ನಮ್ಮ ‘ರಕ್ತ ಹೇಗಿದೆಯೇ?’ ಎಂದು ಕೇಳಿದಳು. ‘ಚೆನ್ನಾಗಿದೆ ಅಕ್ಕ’ ಎಂದೆ. ಆ ಪುಟದ ಷರಾ ಓದು ಪುಟ್ಟೀ. ಅಕ್ಷರ ಈ ಕಾಗದದ್ದೇ.